ನಂದಿಯ ಸುತ್ತಣ ತಾಲ್ಲೂಕುಗಳಲ್ಲಿ ಮನೋರೋಗ ಶುಶ್ರೂಷೆ: ಆಶ್ರಯಗೃಹದಿಂದ ಮಣಿಕಟ್ಟಿನ ಸಂವೇದಕದವರೆಗೆ

ಮನೋರೋಗ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಆಸ್ಪತ್ರೆಗಳ ಸ್ಥಾಪನೆ, ಔಷಧಗಳ ಶೋಧ, ಕಾನೂನುಗಳ ರಚನೆ, ಇವುಗಳನ್ನು ಅನುಸರಿಸಿ ಹೋಗುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ಬೇರೊಂದು ಎಳೆಯನ್ನು ಹಿಡಿಯಲಾಗಿದೆ. ರೋಗಿಯು ವೈದ್ಯನ ಕಣ್ಣೆದುರು ಇಲ್ಲದ ದಿನಗಳಲ್ಲಿ ಅವನ ಸ್ಥಿತಿಯು ವೈದ್ಯನಿಗೆ ತಿಳಿಯುತ್ತಿದ್ದುದು ಹೇಗೆ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಿದರೆ, ಮೈಮೇಲೆ ಧರಿಸುವ ಸಂವೇದಕಗಳಿಂದ ಇಂದು ನಾವು ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದು ಸ್ಪಷ್ಟವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬೆಂಗಳೂರಿನಲ್ಲಿ ಉನ್ಮತ್ತರ ಆಶ್ರಯಗೃಹವು ಏರ್ಪಟ್ಟಾಗ ಈ ಪ್ರಶ್ನೆಯೇ ಇರಲಿಲ್ಲ. ರೋಗಿಯು ಗೋಡೆಯೊಳಗೇ ಇದ್ದುದರಿಂದ ಹಗಲಿರುಳೂ ಕಾವಲಿನವರ ಕಣ್ಣಿಗೆ ಬೀಳುತ್ತಿದ್ದನು. ಆದರೆ ಅವನ ಮನೆ, ಹೊಲ, ಕಸುಬುಗಳು ನೋಡುವವರ ದೃಷ್ಟಿಯಿಂದ ಪೂರ್ತಿಯಾಗಿ ಮರೆಯಾಗುತ್ತಿದ್ದವು. 1925ರಲ್ಲಿ ಈ ಆಶ್ರಯಗೃಹಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. 1954ರಲ್ಲಿ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರ ನೇತೃತ್ವದಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಆರಂಭವಾಯಿತು. 1974ರಲ್ಲಿ ಇವೆರಡೂ ಕೂಡಿ ನಿಮ್ಹಾನ್ಸ್ ಆದವು. ನಂದಿಯ ಸೀಮೆಯ ಜನರಿಗೆ ಬಹುಕಾಲದವರೆಗೆ ಬೆಂಗಳೂರೇ ಗತಿಯಾಗಿತ್ತು. ರೋಗಿಯನ್ನು ಕರೆದುಕೊಂಡು ಹೋಗಿ ಬರುವುದೆಂದರೆ ಆ ದಿನದ ಕೂಲಿಯನ್ನೂ ಕಳೆದುಕೊಂಡು, ಊರವರ ಮಾತಿಗೂ ಗುರಿಯಾಗುವುದೆಂದೇ ಅರ್ಥ.

ಚಿಕಿತ್ಸೆಯನ್ನೇ ಊರಿನತ್ತ ಒಯ್ಯುವ ಪ್ರಯತ್ನವು 1970ರ ದಶಕದಲ್ಲಿ ಮೊದಲಾಯಿತು. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ನಿಮ್ಹಾನ್ಸ್ ನಡೆಸಿದ ಗ್ರಾಮೀಣ ಪ್ರಯೋಗ, 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ, ಅದೇ ದಶಕದ ಬಳ್ಳಾರಿ ಜಿಲ್ಲೆಯ ಮಾದರಿ, ಇವು ಈ ದಾರಿಯ ಮೈಲಿಗಲ್ಲುಗಳು. ನಿಮ್ಹಾನ್ಸ್ ತಿಂಗಳಿಗೊಮ್ಮೆ ನಡೆಸುತ್ತ ಬಂದ ಹೊರಕೇಂದ್ರಗಳಲ್ಲಿ ಗೌರಿಬಿದನೂರೂ ಒಂದು. 2014ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮವು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮನೋವೈದ್ಯರು ದೊರೆಯುವಂತೆ ಮಾಡುವ ಉದ್ದೇಶವುಳ್ಳದ್ದು. ಆದರೂ ಕೊರತೆಯು ದೊಡ್ಡದಾಗಿಯೇ ಉಳಿದಿದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಪೂರ್ವಭಾವಿ ಪರೀಕ್ಷೆ ನಡೆದದ್ದು ಕೋಲಾರ ಜಿಲ್ಲೆಯಲ್ಲಿ; ನಮ್ಮ ನಾಲ್ಕು ತಾಲ್ಲೂಕುಗಳೂ 2007ರವರೆಗೆ ಆ ಜಿಲ್ಲೆಗೇ ಸೇರಿದ್ದವು. ಮನೋರೋಗಗಳಲ್ಲಿ ಬಹುಪಾಲಿಗೆ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂಬುದು ಆ ಸಮೀಕ್ಷೆಯಿಂದ ವಿದಿತವಾಯಿತು.

ಚಿಕಿತ್ಸೆ ದೊರೆತವರ ವಿಷಯದಲ್ಲಿಯೂ ಒಂದು ತೊಡಕುಂಟು. ತಿಂಗಳಿಗೊಮ್ಮೆ ವೈದ್ಯನನ್ನು ಕಾಣುವ ರೋಗಿಯ ಒಂದು ದಿನ ಮಾತ್ರ ವೈದ್ಯನಿಗೆ ಗೋಚರ. ಉಳಿದ 29 ದಿನಗಳಿಗೆ ಮನೆಯವರೇ ಸಾಕ್ಷಿ. “ರಾತ್ರಿ ನಿದ್ದೆ ಬರುತ್ತದೆಯೇ?” ಎಂಬ ಪ್ರಶ್ನೆಗೆ ರೋಗಿಗಿಂತ ಮೊದಲು ತಾಯಿಯೋ ಹೆಂಡತಿಯೋ ಉತ್ತರ ಕೊಡುವುದನ್ನು ಯಾವ ಹೊರಕೇಂದ್ರದಲ್ಲಿಯಾದರೂ ಕಾಣಬಹುದು. ಈ ಪ್ರಶ್ನೆಯು ಉಪಚಾರದ ಮಾತಲ್ಲ. ಉನ್ಮಾದ ಮತ್ತು ಖಿನ್ನತೆಗಳು ಸರದಿಯಾಗಿ ಬರುವ ರೋಗದಲ್ಲಿ, ಉನ್ಮಾದವು ತಲೆದೋರುವ ಮುನ್ನ ನಿದ್ರೆಯು ಕುಗ್ಗಿ ಓಡಾಟವು ಹೆಚ್ಚುವುದುಂಟು. ಖಿನ್ನತೆಯಲ್ಲಿ ಚಲನೆಯು ಮಂದವಾಗಿ, ನಸುಕಿಗೆ ಮೊದಲೇ ಎಚ್ಚರವಾಗುವುದುಂಟು. ಇದನ್ನು ವಾರ ಮೊದಲೇ ಅರಿತರೆ ಔಷಧವನ್ನು ಸರಿಪಡಿಸಬಹುದು. ಅರಿಯದೆ ಹೋದರೆ ಸಾಲ, ಜಗಳ, ಮನೆ ಬಿಟ್ಟುಹೋಗುವುದು, ಕೆಲವೊಮ್ಮೆ ಪ್ರಾಣಹಾನಿ.

ಈ ಕಾಣದ ದಿನಗಳ ಲೆಕ್ಕವನ್ನು ಯಂತ್ರವು ಇಡಬಲ್ಲದೆಂಬ ಭರವಸೆಯು ಈಚಿನದಲ್ಲ. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಓಡಾಡುವವನ ಹೃದಯದ ಬಡಿತವನ್ನು ದಾಖಲಿಸಲು ರಚಿಸಿದ ಉಪಕರಣವು ಸುಮಾರು 38 ಕಿಲೋಗ್ರಾಂ ತೂಕವಿದ್ದು, ಅದನ್ನು ಬೆನ್ನಿಗೆ ಹೊರಬೇಕಾಗಿತ್ತು. 1970ರ ದಶಕದಲ್ಲಿ ಮಣಿಕಟ್ಟಿನ ಚಲನೆಯಿಂದ ನಿದ್ರೆ–ಎಚ್ಚರಗಳನ್ನು ಊಹಿಸುವ ಉಪಕರಣಗಳು ಸಂಶೋಧಕರ ಕೈಸೇರಿದವು. ಇಂದಿನ ಕೈಪಟ್ಟಿಯು ಚರ್ಮದ ಮೇಲೆ ಹಸಿರು ಬೆಳಕನ್ನು ಬೀರಿ, ರಕ್ತದ ಏರಿಳಿತದೊಡನೆ ಹಿಂದಿರುಗುವ ಬೆಳಕಿನಲ್ಲಿ ಆಗುವ ವ್ಯತ್ಯಾಸದಿಂದ ನಾಡಿಯನ್ನು ಎಣಿಸುತ್ತದೆ. ವೇಗೋತ್ಕರ್ಷವನ್ನು ಅಳೆದು ನಡಿಗೆಯನ್ನೂ ನಿದ್ರೆಯನ್ನೂ ಅಂದಾಜು ಮಾಡುತ್ತದೆ. ಅದು ಅಳೆಯುವುದು ದೇಹವನ್ನು. ಮನಸ್ಸಿನ ವಿಷಯವು ಅದರಿಂದ ಊಹಿಸಬೇಕಾದದ್ದು.

ಊಹೆಯು ಎಲ್ಲಿ ಎಡವಬಹುದೆಂಬುದಕ್ಕೆ ಶಿಡ್ಲಘಟ್ಟದ ಸೀಮೆಯೇ ಉತ್ತಮ ನಿದರ್ಶನ. ಇಲ್ಲಿ ಮನೆಮನೆಗೂ ರೇಷ್ಮೆಯೇ ಜೀವನ. ಹುಳುವಿನ ಸುಮಾರು 25 ದಿನಗಳ ಸಾಕಣೆಯಲ್ಲಿ, ನಾಲ್ಕನೆಯ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿಯೇ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮುಗಿಯುತ್ತದೆ. ಮೇವು ಹಾಕುವವರು ರಾತ್ರಿ ತಡವಾಗಿ ಮಲಗಿ ಜಾವದಲ್ಲಿಯೇ ಏಳುತ್ತಾರೆ. ಹುಳು ಹಣ್ಣಾದಾಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡುವ ಕೆಲಸಕ್ಕೆ ಮನೆಮಂದಿಯೆಲ್ಲ ನಿಲ್ಲಬೇಕು. ಆಮೇಲೆ ಗೂಡನ್ನು ಮಾರುಕಟ್ಟೆಗೆ ಸಾಗಿಸುವ ಧಾವಂತ. ಈ ವಾರದಲ್ಲಿ ಕೈಪಟ್ಟಿಯು ಬರೆಯುವ ಲೆಕ್ಕವು ಅಲ್ಪ ನಿದ್ರೆ, ಅತಿ ಚಲನೆ, ಏರಿದ ನಾಡಿ. ಅಂದರೆ ಉನ್ಮಾದದ ಮುನ್ಸೂಚನೆಯ ಪಡಿಯಚ್ಚು. ಇದೇ ವಾರದಲ್ಲಿ ನಿಜವಾಗಿಯೇ ರೋಗವು ಮರುಕಳಿಸುತ್ತಿರುವವನ ಲೆಕ್ಕವೂ ಹೀಗೆಯೇ ಇದ್ದೀತು. ಇವೆರಡರ ಭೇದವನ್ನು ಹೇಳಬಲ್ಲವಳು ಅವನೊಡನೆ ಸೊಪ್ಪು ಹಾಕುವ ಹೆಂಗಸೇ ಹೊರತು ಯಂತ್ರವಲ್ಲ. “ಹುಳು ಚಂದ್ರಿಕೆಗೆ ಹೋದ ಮೇಲೂ ಇವರು ಮಲಗಲಿಲ್ಲ” ಎಂಬ ಅವಳ ಒಂದು ಮಾತು ಆ ಅಂಕಿಗಳಿಗೆಲ್ಲ ಅರ್ಥವನ್ನು ಕೊಡುತ್ತದೆ.

ಸಂವೇದಕವನ್ನು ಹೇಗೆ ನಂಬಬೇಕೆಂಬ ಪಾಠಕ್ಕೆ ಈ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಭೂಗರ್ಭದ ಅಣುಸ್ಫೋಟಗಳನ್ನು ಭೂಕಂಪಗಳಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ 1965ರಲ್ಲಿ ಗೌರಿಬಿದನೂರಿನ ಗಟ್ಟಿ ಬಂಡೆಯ ನೆಲದಲ್ಲಿ ಕಂಪನಮಾಪಕಗಳ ವ್ಯೂಹವೊಂದನ್ನು ಸ್ಥಾಪಿಸಲಾಯಿತು. ಲಂಬಕೋನದಲ್ಲಿ ಕೂಡುವ ಎರಡು ತೋಳುಗಳ ಉದ್ದಕ್ಕೂ 20 ಮಾಪಕಗಳನ್ನು ಹರಡಿದ್ದರ ಕಾರಣವನ್ನು ಗಮನಿಸಬೇಕು. ಒಂಟಿ ಮಾಪಕಕ್ಕೆ ಗಾಳಿಯ, ಗಾಡಿಯ, ದನದ ಕಾಲಿನ ಕಂಪನವೂ ದೂರದ ಕ್ಷೀಣ ಕಂಪನವೂ ಬೆರೆತೇ ಕೇಳುತ್ತವೆ. ಹಲವು ಮಾಪಕಗಳ ದಾಖಲೆಯನ್ನು ಹೋಲಿಸಿದಾಗ ಮಾತ್ರ ಸ್ಥಳೀಯ ಗದ್ದಲವು ಕಳೆದು ನಿಜವಾದ ಸುದ್ದಿಯು ಉಳಿಯುತ್ತದೆ. ಮನೋರೋಗಿಯ ವಿಷಯದಲ್ಲಿ ಕೈಪಟ್ಟಿಯು ಇಂಥ ಒಂದು ಮಾಪಕ. ಮನೆಯವರು, ಆಶಾ ಕಾರ್ಯಕರ್ತೆ, ರೋಗಿಯ ಸ್ವಂತ ಮಾತು, ಇವು ಉಳಿದವು.

ಆದರೆ ಬಂಡೆಗೂ ಮನುಷ್ಯನಿಗೂ ಒಂದು ಅಂತರವುಂಟು. ಬಂಡೆಯ ಕಂಪನವನ್ನು ದಾಖಲಿಸಲು ಅದರ ಒಪ್ಪಿಗೆಯು ಬೇಡ. ಗೋಡೆಯೊಳಗೆ ಹಗಲಿರುಳು ಕಾಯುತ್ತಿದ್ದ ಕಣ್ಣು ಮಣಿಕಟ್ಟಿಗೆ ಬಂದು ಕುಳಿತರೆ, ಒಂದೂವರೆ ಶತಮಾನ ನಡೆದು ನಾವು ಹೊರಟಲ್ಲಿಗೇ ಹಿಂದಿರುಗಿದಂತಾಗುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ರೋಗಿಗೆ ತನ್ನ ವಿಷಯವು ಗೋಪ್ಯವಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ. ನಿದ್ರೆಯ ಲೆಕ್ಕವು ಸಾಲ ಕೊಡುವವನಿಗೂ ಕೆಲಸ ಕೊಡುವವನಿಗೂ ತಲುಪದಂತೆ ಕಾಯುವುದು, ಬೇಡವೆನಿಸಿದ ದಿನ ಪಟ್ಟಿಯನ್ನು ಕಳಚಿಡುವ ಸ್ವಾತಂತ್ರ್ಯವನ್ನು ರೋಗಿಗೆ ಉಳಿಸುವುದು, ಈ ಹಕ್ಕಿನ ಆಶಯಕ್ಕೆ ಹೊಂದುವ ನಡೆ.

ಒಟ್ಟಿನಲ್ಲಿ, ಈ ಸೀಮೆಯ ಮನೋರೋಗ ಶುಶ್ರೂಷೆಯು ಸಾಗಿಬಂದ ದಾರಿಯು ರೋಗಿಯ ಮನೆಯನ್ನು ಸಮೀಪಿಸುತ್ತ ಬಂದ ದಾರಿಯಾಗಿದೆ. ಸಂವೇದಕವು ಆ ದಾರಿಯ ಮುಂದಿನ ಹೆಜ್ಜೆಯಾಗಬಲ್ಲದು. ಆದರೆ ಮನೆಯ ಸಾಕ್ಷಿಯನ್ನು ಬದಿಗೊತ್ತಿ ಅದರ ಸ್ಥಾನದಲ್ಲಿ ಕುಳಿತರೆ ಅದು ಮುಂದಿನ ಹೆಜ್ಜೆಯಾಗದು. ಮಂಗಳವಾರದ ಚಿಕಿತ್ಸಾಲಯದಲ್ಲಿ ವೈದ್ಯನು ಅಂಕಿಗಳ ರೇಖೆಯನ್ನು ನೋಡಿದ ಬಳಿಕವೂ, ಜೊತೆಗೆ ಬಂದವರ ಕಡೆ ತಿರುಗಿ ಆ ಹಳೆಯ ಪ್ರಶ್ನೆಯನ್ನು ಕೇಳಲೇಬೇಕು.