ಜಾವಾ ಗೇಟಿನಿಂದ ಮೊಬೈಲಿಗೆ

ನಮ್ಮ ದೇವನೂರಿನ ಕಡೆ ವಾಹನ ಕಾರ್ಖಾನೆ ಕೆಲಸವೆಂದರೆ ಹಿರಿಯರಿಗೆ ನೆನಪಾಗುವುದು ಮೈಸೂರು ಯಾದವಗಿರಿಯ ಐಡಿಯಲ್ ಜಾವಾ. ಅಲ್ಲಿ ಬೈಕ್ ತಯಾರಿಕೆ ಶುರುವಾಗಿದ್ದು 1961ರಲ್ಲಿ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತ್ತು. ಆದರೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಡ್ಡಾಯವಿರಲಿಲ್ಲ. ಕಾರ್ಡು ಇದ್ದ ಮಾತ್ರಕ್ಕೆ ಕೆಲಸ ಖಾತ್ರಿಯಿರಲಿಲ್ಲ.

1996ರಲ್ಲಿ ಜಾವಾ ಮುಚ್ಚಿತು. ಈಗ ನಂಜನಗೂಡು ರಸ್ತೆಯ ಕಡಕೊಳದ ಬಳಿ ಟಿವಿಎಸ್ ಇದೆ, ಬಿಡದಿಯಲ್ಲಿ ಟೊಯೋಟಾ ಇದೆ. ಕೇಂದ್ರ ಸರ್ಕಾರ 2015ರಲ್ಲಿ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣ ತೆರೆಯಿತು. ಅಲ್ಲಿ ನೋಂದಣಿ ಉಚಿತ.

ಕ್ಯೂ ಮೊಬೈಲಿಗೆ ಬಂತು, ಖಾತ್ರಿ ಬರಲಿಲ್ಲ. ಕೆಲಸ ಕಾಯಮ್ಮೋ, ಗುತ್ತಿಗೆಯೋ, ಬರೀ ಅಪ್ರೆಂಟಿಸೋ ಓದಿ ನೋಡೋಣ. ಸಂಬಳ ಕೊಡಬೇಕಾದವರೇ ಮೊದಲು ನಮ್ಮಿಂದ ದುಡ್ಡು ಕೇಳಿದರೆ ಅದು ಕೆಲಸವಲ್ಲ, ಮೋಸ.