ಚುಕ್ಕಾಣಿಗನ ಅರಿವು ಮತ್ತು ಹಡಗಿನ ಸ್ವಯಂನಿಯಂತ್ರಣ

ಜ್ಞಾನದ ಇತಿಹಾಸವನ್ನು ಬರೆಯುವಾಗ ಲಿಖಿತ ಆಕರಗಳಿಗೆ ಸಲ್ಲುವ ಮನ್ನಣೆ ಕೈಯ ಅರಿವಿಗೆ ಸಲ್ಲುವುದು ಅಪರೂಪ. ಹಡಗುಗಳು ತಾವಾಗಿಯೇ ದಿಕ್ಕು ಹಿಡಿದು ಸಾಗುವಂತೆ ಮಾಡಿದ ಯಂತ್ರಗಳ ಚರಿತ್ರೆ ಇದಕ್ಕೊಂದು ನಿದರ್ಶನ. ಅದನ್ನು ಗಣಿತಜ್ಞರ, ಎಂಜಿನಿಯರರ ಸಾಧನೆಯೆಂದೇ ವಿವರಿಸುವುದು ವಾಡಿಕೆ. ಆದರೆ ಮೊದಲ ಪಾಠ ದೊರೆತದ್ದು ಚುಕ್ಕಾಣಿಗನ ಬಳಿಯಲ್ಲಿ.

ಭಾರಿ ಹಡಗು ಚುಕ್ಕಾಣಿಯ ಮಾತನ್ನು ತಡವಾಗಿ ಕೇಳುತ್ತದೆ. ಒಮ್ಮೆ ತಿರುಗತೊಡಗಿದರೆ ಬೇಗ ನಿಲ್ಲುವುದೂ ಇಲ್ಲ. ದಿಕ್ಸೂಚಿಯು ಬೇಕಾದ ಗುರುತನ್ನು ತೋರಿದ ಮೇಲಷ್ಟೇ ಚುಕ್ಕಾಣಿಯನ್ನು ನೇರಗೊಳಿಸುವ ಹೊಸಬನ ಹಡಗು ಆ ಗುರುತನ್ನು ದಾಟಿಬಿಡುತ್ತದೆ. ಮರಳಿ ತಿರುಗಿಸಿದರೆ ಈಚೆಗೆ ಮೀರುತ್ತದೆ. ಹಾದಿ ಹಾವಿನ ನಡೆಯಾಗುತ್ತದೆ. ಪಳಗಿದವನು ಗುರುತು ಬರುವ ಮೊದಲೇ ಚುಕ್ಕಾಣಿಯನ್ನು ಸಡಿಲಿಸಿ, ಎದುರು ಬದಿಗೆ ತುಸು ಕೊಟ್ಟು, ತಿರುಗುವಿಕೆಯ ರಭಸವನ್ನು ತಡೆಯುತ್ತಾನೆ. ಒಂದೇ ಬದಿಯಿಂದ ಗಾಳಿ ಬೀಸುತ್ತಿದ್ದರೆ ಅದಕ್ಕೆ ಸರಿದೂಗುವಷ್ಟು ಓರೆಯಾಗಿಯೇ ಚುಕ್ಕಾಣಿಯನ್ನು ಹಿಡಿದಿರುತ್ತಾನೆ.

ಈ ಮುನ್ನರಿವನ್ನು ಯಂತ್ರದಲ್ಲಿ ಅಳವಡಿಸಲು ಯತ್ನಿಸಿದವರಲ್ಲಿ ಅಮೆರಿಕದ ಎಲ್ಮರ್ ಸ್ಪೆರಿ (1860–1930) ಪ್ರಮುಖರು. ಅವರ ಗೈರೋ ದಿಕ್ಸೂಚಿಯು 1911ರಲ್ಲಿ ‘ಡೆಲವೇರ್’ ಯುದ್ಧನೌಕೆಯಲ್ಲಿ ಪರೀಕ್ಷೆಗೊಳಗಾಯಿತು. ಅದನ್ನು ಆಧರಿಸಿ 1920ರ ದಶಕದಲ್ಲಿ ಬಳಕೆಗೆ ಬಂದ ಸ್ವಯಂಚಾಲಿತ ಚುಕ್ಕಾಣಿಗೆ ‘ಮೆಟಲ್ ಮೈಕ್’ ಎಂಬ ಅಡ್ಡಹೆಸರು ಬಿತ್ತು. ತನ್ನ ಕೆಲಸ ಕಸಿಯಬಹುದಾದ ಯಂತ್ರಕ್ಕೆ ಜೊತೆಗಾರನ ಹೆಸರಿಟ್ಟು ಪಳಗಿಸಿಕೊಳ್ಳುವ ಈ ಬಗೆ ಜಾನಪದ ವಿದ್ವಾಂಸರಿಗೆ ಅಪರಿಚಿತವೇನಲ್ಲ.

ರಷ್ಯಾ ಮೂಲದ ನಿಕೊಲಸ್ ಮಿನೋರ್ಸ್ಕಿ 1922ರಲ್ಲಿ ಪ್ರಕಟಿಸಿದ ಲೇಖನವು ಇದೇ ಅರಿವಿಗೆ ಗಣಿತದ ರೂಪ ಕೊಟ್ಟಿತು. ಹಡಗು ಎಷ್ಟು ತಪ್ಪಿದೆ ಎಂಬುದಕ್ಕೆ ಅನುಪಾತವಾಗಿ ಒಂದು ಪದ. ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದಕ್ಕೆ ಇನ್ನೊಂದು. ಗಾಳಿಯಂತಹ ನಿರಂತರ ಒತ್ತಡದಿಂದ ಕೂಡುತ್ತಹೋಗುವ ತಪ್ಪಿಗೆ ಮತ್ತೊಂದು. ಚುಕ್ಕಾಣಿಗನು ಕೈಯಲ್ಲಿ ಮಾಡುತ್ತಿದ್ದುದೇ ಇಲ್ಲಿ ಸಮೀಕರಣವಾಯಿತು. ಇಂದು ಕಾರ್ಖಾನೆಗಳಲ್ಲಿ ಉಷ್ಣತೆ, ಒತ್ತಡಗಳನ್ನು ಕಾಯುವ ‘ಪಿಐಡಿ’ ನಿಯಂತ್ರಣದ ತಿರುಳೂ ಈ ಮೂರು ಪದಗಳೇ. 1923ರಲ್ಲಿ ‘ನ್ಯೂ ಮೆಕ್ಸಿಕೊ’ ಯುದ್ಧನೌಕೆಯ ಮೇಲೆ ನಡೆದ ಪ್ರಯೋಗ ತಾಂತ್ರಿಕವಾಗಿ ಸಫಲವಾಯಿತು. ಆದರೂ ಕಡಲಿನಲ್ಲಿ ದುಡಿಯುವ ಸಿಬ್ಬಂದಿ ತಮಗೆ ಅದು ಬೇಡವೆಂದರು. ಈ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಯಂತ್ರಕ್ಕೆ ಅರಿವನ್ನು ಒದಗಿಸಿದ ಕಸುಬಿನವರೇ ಅದನ್ನು ಒಲ್ಲೆನೆಂದದ್ದು ಚರಿತ್ರೆಯ ಭಾಗವೇ ಹೌದು.

ದಿಕ್ಕು ಹಿಡಿಯುವುದು ಬೇರೆ, ಹಾದಿ ಹಿಡಿಯುವುದು ಬೇರೆ. ಮೂತಿ ಸರಿಯಾದ ದಿಕ್ಕಿಗಿದ್ದರೂ ಪ್ರವಾಹವು ಹಡಗನ್ನು ಅಡ್ಡಡ್ಡಲಾಗಿ ಸರಿಸಬಲ್ಲದು. ಗೊತ್ತುಪಡಿಸಿದ ರೇಖೆಯಿಂದ ಹಡಗು ಎಷ್ಟು ಸರಿದಿದೆಯೆಂದು ತಿಳಿಯಲು ಅದರ ಸ್ಥಾನವೇ ಎಡೆಬಿಡದೆ ತಿಳಿಯಬೇಕು. ಉಪಗ್ರಹ ಆಧಾರಿತ ಜಿಪಿಎಸ್ 1995ರಲ್ಲಿ ಪೂರ್ಣವಾಗಿ ಕಾರ್ಯಸಿದ್ಧವಾದಾಗ ಇದು ಸುಲಭವಾಯಿತು. 1998ರಲ್ಲಿ ಅಂತಾರಾಷ್ಟ್ರೀಯ ಕಡಲ ಸಂಸ್ಥೆಯು ಪಥನಿಯಂತ್ರಣ ವ್ಯವಸ್ಥೆಗಳಿಗೆ ಮಾನದಂಡಗಳನ್ನು ಅಂಗೀಕರಿಸಿತು.

ಇಂದಿನ ಹಡಗುಗಳ ಎಷ್ಟೋ ಸ್ವಯಂಚಾಲಕ ಫಲಕಗಳಲ್ಲಿ ‘ಕೌಂಟರ್ ರಡ್ಡರ್’ ಎಂಬ ತಿರುಪು ಇರುತ್ತದೆ. ತಿರುಗುವಿಕೆಯನ್ನು ತಡೆಯಲು ಎದುರು ಬದಿಗೆ ಎಷ್ಟು ಚುಕ್ಕಾಣಿ ಕೊಡಬೇಕೆಂಬುದನ್ನು ಅದರಿಂದಲೇ ನಿಗದಿಪಡಿಸುತ್ತಾರೆ.