ವೆಲ್ಲೆಸ್ಲಿ ಸೇತುವೆ

ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರ ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿಗೆ ಕಟ್ಟಿರುವ ಕಲ್ಲಿನ ಸೇತುವೆ. ಮೈಸೂರಿನ ದಿವಾನ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ನಿರ್ಮಾಣಗೊಂಡು 1804ರಲ್ಲಿ ಪೂರ್ಣವಾಯಿತು. ಆಗಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರು ಇದಕ್ಕಿದೆ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದ ಅವನ ತಮ್ಮ ಆರ್ಥರ್ ವೆಲ್ಲೆಸ್ಲಿಯದೆಂದು ಭಾವಿಸುವುದು ಸರಿಯಲ್ಲ.

ರಚನೆ ದೇಶೀಯ ಪದ್ಧತಿಯದು, ಕಮಾನುಗಳಿಲ್ಲ. ನದಿಪಾತ್ರದಲ್ಲಿ ನೆಟ್ಟ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಬೋದಿಗೆಗಳು, ಬೋದಿಗೆಯಿಂದ ಬೋದಿಗೆಗೆ ಹಾಸಿದ ಕಲ್ಲಿನ ತೊಲೆಗಳು: ದೇವಾಲಯದ ಮಂಟಪ ಕಟ್ಟುವ ಕ್ರಮವೇ ಇಲ್ಲಿ ಹೊಳೆಗಿಳಿದಂತಿದೆ. ಕಲ್ಲು ಒತ್ತಡ ತಾಳುತ್ತದೆ, ಬಾಗುವಿಕೆಯನ್ನು ಹೆಚ್ಚು ತಾಳದು; ಆದ್ದರಿಂದ ಕಂಬಗಳ ಅಂತರ ಕಿರಿದು. ಬೋದಿಗೆಗಳು ಎರಡೂ ಬದಿಗೆ ಚಾಚಿ ತೊಲೆಯ ಆಧಾರವಿಲ್ಲದ ಉದ್ದವನ್ನು ಇನ್ನಷ್ಟು ತಗ್ಗಿಸುತ್ತವೆ.

ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪವಾಗಿರುವ ಊರಿಗೆ ಹೊರದಡದ ಸಂಪರ್ಕ ಸೇತುವೆಗಳಿಂದಲೇ. ಉತ್ತರ ದಡದ ಹಳ್ಳಿಗಳ ಜನರಿಗೆ ಪೇಟೆ, ಕಚೇರಿ, ರಂಗನಾಥಸ್ವಾಮಿ ದೇವಾಲಯ ತಲುಪಲು ಇದು ದಾರಿಯಾಯಿತು. ಹಲವು ಪ್ರವಾಹಗಳನ್ನು ತಡೆದುಕೊಂಡಿದೆ. ಮೇಲ್ಭಾಗದ ಕೃಷ್ಣರಾಜಸಾಗರ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ಹೊಳೆ ಸೇತುವೆಯ ಮಟ್ಟಕ್ಕೆ ಏರುತ್ತದೆ.